ಹೆಚ್ಚುವರಿ ಎಚ್‌ಪಿ ಯಾವ ಖಾತೆಗೆ?

ಯಂತ್ರವೊಂದರ ಗಳಿಕೆಯ ಸಾಮರ್ಥ್ಯ ಹೆಚ್ಚಿಸಲು ಮಾಡಿದ ಖರ್ಚು ಬಂಡವಾಳ ವೆಚ್ಚ. ಅದನ್ನು ಇದ್ದ ಹಾಗೆ ನಡೆಸಿಕೊಂಡು ಹೋಗಲು ಮಾಡಿದ ಖರ್ಚು ಆದಾಯ ವೆಚ್ಚ. ಪ್ರಥಮ ಪಿಯುಸಿಯ ಲೆಕ್ಕಶಾಸ್ತ್ರದಲ್ಲಿ ನಾವೆಲ್ಲ ಇದನ್ನು ಓದಿದ್ದೇವೆ. ಹಾಗಾದರೆ ಟ್ರ್ಯಾಕ್ಟರ್ ಇರುವ ರೈತರು ಡೀಸೆಲ್ ಪಂಪಿನ ಸೀಲ್ ಒಡೆದು 'ಪಂಪ್ ಹೆಚ್ಚಿಸಿ'ಕೊಳ್ಳುತ್ತಾರಲ್ಲ, ಜೀಪು, ಪಿಕಪ್ ಇರುವವರು ಇಂಜಿನ್‌ಗೆ 'ಚಿಪ್' ಹಾಕಿಸುತ್ತಾರಲ್ಲ, ಆ ಖರ್ಚು ಯಾವುದು? ಪುಸ್ತಕದ ಪ್ರಕಾರ ಬಂಡವಾಳ ವೆಚ್ಚ ಎನ್ನಬೇಕು. ಶಕ್ತಿ ಹೆಚ್ಚಾಯಿತು, ಕೆಲಸ ಹೆಚ್ಚಾಯಿತು, ಆಸ್ತಿಯ ಬೆಲೆಗೆ ಸೇರಿಸು. ಬೀದರ್ ನಗರ, ಭಾಲ್ಕಿ ಮತ್ತು ಔರಾದದಲ್ಲಿ ಹೀಗೆ ಮಾಡಿಸಿಕೊಂಡ ಮೂವರು ಮಾಲೀಕರನ್ನು ಮಾತನಾಡಿಸಿದ ಮೇಲೆ ಉತ್ತರ ಅಷ್ಟು ನೇರವಾಗಿಲ್ಲ ಎನ್ನಿಸಿತು.

ಮೊದಲು ಯಂತ್ರದ ವಿಷಯ. ಡೀಸೆಲ್ ಇಂಜಿನ್‌ನ ಶಕ್ತಿ ಒಳಗೆ ಹೋಗುವ ಡೀಸೆಲ್ ಎಷ್ಟು ಎಂಬುದರ ಮೇಲೆ ನಿಂತಿದೆ. ಹಳೆಯ ಇಂಜಿನ್‌ಗಳಲ್ಲಿ ಈ ಅಳತೆಯನ್ನು ಇಂಜೆಕ್ಷನ್ ಪಂಪಿನ ಒಂದು ಸ್ಕ್ರೂ ಹಿಡಿದಿಡುತ್ತದೆ. ಕಂಪನಿಯವರು ಅಳತೆ ಮಾಡಿ ಅದಕ್ಕೆ ಸೀಲ್ ಹಾಕಿರುತ್ತಾರೆ. ಹೊಸ ಕಾಮನ್ ರೈಲ್ ಇಂಜಿನ್‌ಗಳಲ್ಲಿ ಆ ಸ್ಕ್ರೂವಿನ ಜಾಗಕ್ಕೆ ಇಸಿಯು ಎಂಬ ಚಿಕ್ಕ ಕಂಪ್ಯೂಟರ್ ಬಂದಿದೆ. ಎಷ್ಟು ವೇಗಕ್ಕೆ, ಎಷ್ಟು ಭಾರಕ್ಕೆ, ಎಷ್ಟು ಡೀಸೆಲ್ ಎಂಬ ಪಟ್ಟಿ ಅದರೊಳಗಿದೆ. ಅದಕ್ಕೆ ಮ್ಯಾಪ್ ಎನ್ನುತ್ತಾರೆ. ಚಿಪ್ ಹಾಕುವುದು ಎಂದರೆ ಎರಡರಲ್ಲಿ ಒಂದು. ಲ್ಯಾಪ್‌ಟಾಪ್ ಜೋಡಿಸಿ ಆ ಪಟ್ಟಿಯನ್ನೇ ತಿದ್ದುವುದು ರೀಮ್ಯಾಪ್. ಇಲ್ಲವೆ ಸೆನ್ಸರ್ ಮತ್ತು ಇಸಿಯು ನಡುವೆ ಒಂದು ಡಬ್ಬಿ ಕೂರಿಸುವುದು. ಡೀಸೆಲ್‌ನ ಒತ್ತಡ ಇರುವುದಕ್ಕಿಂತ ಕಡಿಮೆ ಇದೆ ಎಂದು ಈ ಡಬ್ಬಿ ಇಸಿಯುಗೆ ಸುಳ್ಳು ಹೇಳುತ್ತದೆ. ಇಸಿಯು ನಂಬಿ ಒತ್ತಡ ಏರಿಸುತ್ತದೆ, ಡೀಸೆಲ್ ಹೆಚ್ಚು ಹೋಗುತ್ತದೆ. ಪೆಡಲ್ ಬಾಕ್ಸ್ ಎಂಬ ಮೂರನೆಯದೂ ಪೇಟೆಯಲ್ಲಿದೆ. ಅದು ಶಕ್ತಿಯನ್ನು ಹೆಚ್ಚಿಸುವುದೇ ಇಲ್ಲ, ಅರ್ಧ ಒತ್ತಿದ ಪೆಡಲ್ ಮುಕ್ಕಾಲು ಒತ್ತಿದಂತೆ ವರ್ತಿಸುತ್ತದೆ, ಅಷ್ಟೇ.

ಬೀದರ್ ನಗರದ ಮಾಲೀಕರ ಹತ್ತಿರ 4x4 ಜೀಪು ಇದೆ. ಹೈದರಾಬಾದಿನಲ್ಲಿ ರೀಮ್ಯಾಪ್ ಮಾಡಿಸಿದ್ದರು. ಹೆದ್ದಾರಿಯಲ್ಲಿ ಲಾರಿ ಹಿಂದೆ ಹಾಕುವಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತಿತ್ತು ಎಂದು ಸಂತೋಷದಿಂದಲೇ ಹೇಳಿದರು. ಮೈಲೇಜ್ ಹೆಚ್ಚುತ್ತದೆ ಎಂದಿದ್ದರಂತೆ, ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ಆದರೆ ಮುಂದಿನ ಸರ್ವೀಸ್‌ನಲ್ಲಿ ಅವರ ಇಸಿಯುಗೆ ಕಂಪನಿಯ ಹೊಸ ಸಾಫ್ಟ್‌ವೇರ್ ಹಾಕಿದರು. ರೀಮ್ಯಾಪ್ ಪೂರ್ತಿ ಅಳಿಸಿಹೋಯಿತು. ಕೊಟ್ಟ ದುಡ್ಡಿನ ಆಸ್ತಿ ಒಂದು ಮಧ್ಯಾಹ್ನದಲ್ಲಿ ಇಲ್ಲವಾಯಿತು, ದೂರು ಕೊಡುವಂತೆಯೂ ಇಲ್ಲ.

ಇಂಥವರೆಲ್ಲ ಹೇಳುವ ಒಂದು ಮಾತಿದೆ: ಕಂಪನಿಯವರು ಬೇಕೆಂದೇ ಶಕ್ತಿ ಮುಚ್ಚಿಟ್ಟಿರುತ್ತಾರೆ, ಚಿಪ್ ಅದನ್ನು ಹೊರಗೆ ತರುತ್ತದೆ. ಮಾತಿನಲ್ಲಿ ಸ್ವಲ್ಪ ನಿಜವಿದೆ. 2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂದ ಮಹೀಂದ್ರಾ ಥಾರ್‌ನ 2.2 ಲೀಟರ್ ಡೀಸೆಲ್ ಇಂಜಿನ್ ಸುಮಾರು 130 ಎಚ್‌ಪಿ ಕೊಡುತ್ತದೆ. ಅದೇ ಕುಟುಂಬದ 2.2 ಲೀಟರ್ ಇಂಜಿನ್ ಎಕ್ಸ್‌ಯುವಿ700ರಲ್ಲಿ ಸುಮಾರು 185 ಎಚ್‌ಪಿವರೆಗೆ ಕೊಡುತ್ತದೆ. ಹಾಗಾದರೆ 55 ಎಚ್‌ಪಿ ಎಲ್ಲಿ ಹೋಯಿತು? ಎಲ್ಲಿಯೂ ಹೋಗಿಲ್ಲ. ಇಂಜಿನ್ ಒಂದೇ ಯಂತ್ರವಲ್ಲ. ಟರ್ಬೊ, ಕ್ಲಚ್, ಗೇರ್‌ಬಾಕ್ಸ್, ರೇಡಿಯೇಟರ್, ಹೊಗೆ ಶುದ್ಧ ಮಾಡುವ ಸಾಧನ, ಇವೆಲ್ಲ ಒಂದು ಲೆಕ್ಕಕ್ಕೆ ಕೂರಿಸಿದವು. ಬಿಸಿಲು, ಕಲಬೆರಕೆ ಡೀಸೆಲ್, ಹೆಚ್ಚು ಭಾರ, ತಡವಾದ ಸರ್ವೀಸ್, ಎಲ್ಲಕ್ಕೂ ಸ್ವಲ್ಪ ಅಂತರ ಬಿಟ್ಟಿರುತ್ತಾರೆ. ಕಂಪನಿಗಳು ಲಾಭದಲ್ಲಿ ಒಂದು ಪಾಲನ್ನು ಮೀಸಲು ನಿಧಿಗೆ ಎತ್ತಿಡುವ ಹಾಗೆ ಅದು. ಚಿಪ್ ಹೊಸ ಶಕ್ತಿಯನ್ನು ಎಲ್ಲಿಂದಲೋ ತರುವುದಿಲ್ಲ. ಮೀಸಲು ನಿಧಿಯಿಂದ ತೆಗೆದು ಖರ್ಚು ಮಾಡುತ್ತದೆ.

ಔರಾದದ ಮಾಲೀಕರದು ಪಿಕಪ್. ತಾಂಡಾ, ಹಳ್ಳಿಗಳ ಕಚ್ಚಾ ರಸ್ತೆಯಲ್ಲಿ ಕಿರಾಣಿ ಸಾಮಾನು, ಸೋಯಾ ಚೀಲ ಸಾಗಿಸುತ್ತಾರೆ. ಅವರು ಆನ್‌ಲೈನ್‌ನಲ್ಲಿ ಅಗ್ಗದ ಒಂದು ಪ್ಲಗ್ ತರಿಸಿ ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್‌ಗೆ ಚುಚ್ಚಿದ್ದರು. ಡೀಸೆಲ್ ಉಳಿಯುತ್ತದೆ, ಪಿಕಪ್ ಹೆಚ್ಚುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಹಸಿರು ಲೈಟು ಮಿಣುಕಿತು. ಮೊದಲ ವಾರ ಗಾಡಿ ಹಗುರವಾಗಿ ಓಡಿದಂತೆ ಅನಿಸಿತಂತೆ. ಇಂಥ ಅಗ್ಗದ ಪ್ಲಗ್‌ಗಳನ್ನು ಬಿಚ್ಚಿ ನೋಡಿದವರಿಗೆ ಒಳಗೆ ಲೈಟು ಮಿಣುಕಿಸುವ ಸರ್ಕ್ಯೂಟ್ ಬಿಟ್ಟರೆ ಮತ್ತೇನೂ ಸಿಕ್ಕಿಲ್ಲ. ಇದರ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ.

ನಿಜವಾದ ಡಬ್ಬಿಯೇ ಕೆಲಸ ಮಾಡಿದರೂ ಲೆಕ್ಕ ಹೇಗೆ ಬರುತ್ತದೆ ನೋಡೋಣ. ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡವು. ಡಬ್ಬಿಯ ಬೆಲೆ ₹25,000. ಪಿಕಪ್ ತಿಂಗಳಿಗೆ 2,000 ಕಿ.ಮೀ. ಓಡುತ್ತದೆ, ಲೀಟರ್‌ಗೆ 15 ಕಿ.ಮೀ., ಡೀಸೆಲ್ ₹90. ತಿಂಗಳ ಡೀಸೆಲ್ ₹12,000. ಮಾರುವವರು ಹೇಳುವಂತೆ ಮೈಲೇಜ್ ಶೇ. 10 ಹೆಚ್ಚಿ 16.5 ಆಯಿತು ಎಂದೇ ನಂಬೋಣ. ಖರ್ಚು ₹10,909ಕ್ಕೆ ಇಳಿಯುತ್ತದೆ, ಉಳಿತಾಯ ₹1,091. ಹಾಕಿದ ದುಡ್ಡು ಮರಳಿ ಬರಲು 23 ತಿಂಗಳು ಬೇಕು. ನಡುವೆ ಒಮ್ಮೆ ಕ್ಲಚ್ ಸವೆದು ₹15,000 ಖರ್ಚಾದರೆ ಮತ್ತೆ 14 ತಿಂಗಳು ಸೇರಿಸಿ. ಇದೆಲ್ಲ ಚಾಲಕನು ಹೊಸ ಶಕ್ತಿಯನ್ನು ಬಳಸದೆ ಮೊದಲಿನಷ್ಟೇ ನಿಧಾನ ಓಡಿಸಿದರೆ ಮಾತ್ರ. ಶಕ್ತಿ ಕೊಂಡು ಬಳಸದೆ ಇರುವವರನ್ನು ನಾನು ನೋಡಿಲ್ಲ.

ಈಗ ಟ್ರ್ಯಾಕ್ಟರ್. ನಮ್ಮ ಜಿಲ್ಲೆಯಲ್ಲಿ ರಸ್ತೆ ಬಿಟ್ಟು ಓಡುವ ವಾಹನ ಎಂದರೆ ಜೀಪಿಗಿಂತ ಮೊದಲು ಇದೇ. 50 ಎಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಟ್ರೆಮ್-4 ಎಂಬ ಹೊಗೆ ನಿಯಮ ಬಂದು, ಅವುಗಳಲ್ಲಿ ಕಾಮನ್ ರೈಲ್ ಇಂಜಿನ್ ಬರತೊಡಗಿತು. ಅದಕ್ಕಿಂತ ಚಿಕ್ಕವುಗಳಲ್ಲಿ ಹೆಚ್ಚಿನವು ಇನ್ನೂ ಸ್ಕ್ರೂ ಇರುವ ಪಂಪಿನವೇ. ಅದನ್ನು ತಿರುಗಿಸಲು ಲ್ಯಾಪ್‌ಟಾಪ್ ಬೇಡ, ಒಂದು ಪಾನಾ ಸಾಕು.

ಭಾಲ್ಕಿ ತಾಲ್ಲೂಕಿನ ಆ ಕಾಕಾ ಹಂಗಾಮಿನಲ್ಲಿ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುತ್ತಾರೆ. ಒಂದು ಟ್ರಾಲಿ ಎಳೆಯುತ್ತಿದ್ದ ಟ್ರ್ಯಾಕ್ಟರ್‌ಗೆ ಎರಡು ಟ್ರಾಲಿ ಕಟ್ಟಬೇಕೆಂದು ಪಂಪ್ ಹೆಚ್ಚಿಸಿದ್ದರು. ಸಾಗಣೆಯ ಬಾಡಿಗೆ ಟನ್ ಲೆಕ್ಕದಲ್ಲಿ ಸಿಗುವುದರಿಂದ ಅವರ ಯೋಚನೆ ತಪ್ಪೆಂದು ಕೂಡಲೇ ಹೇಳಲಾಗದು. ಮೊದಲ ಹಂಗಾಮಿನಲ್ಲಿ ಗಳಿಕೆಯೂ ಹೆಚ್ಚಿತು. ಆಮೇಲೆ ಏನಾಯಿತು ಎಂದು ಕೇಳಿದೆ. "ಎಳಿಯೋದು ಎಳೀತದ ತಮ್ಮಾ, ನಿಲ್ಲಿಸೋದೇ ಕಷ್ಟ ಅದ ನೋಡು" ಎಂದರು.

ಈ ಒಂದು ಮಾತಿನಲ್ಲಿ ವಿಷಯದ ತಿರುಳು ಇದೆ ಎನ್ನುವುದು ನನ್ನ ಅಭಿಪ್ರಾಯ. ಸಾಮಾನ್ಯ ಟ್ರ್ಯಾಕ್ಟರ್‌ನಲ್ಲಿ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಗಳಿಗೆ. ನಮ್ಮಲ್ಲಿ ಓಡುವ ಹೆಚ್ಚಿನ ಟ್ರಾಲಿಗಳಿಗೆ ಸ್ವಂತ ಬ್ರೇಕ್ ಇಲ್ಲ. ಪಂಪಿನ ಸ್ಕ್ರೂ ತಿರುಗಿಸಿದರೆ ಎಳೆಯುವ ಬಲ ಮಾತ್ರ ಹೆಚ್ಚುತ್ತದೆ; ಬ್ರೇಕ್, ಹುಕ್, ಮುಂದಿನ ಆಕ್ಸಲ್ ಇದ್ದಷ್ಟೇ ಇರುತ್ತವೆ. ಏರಿನಲ್ಲಿ ಮುಂದಿನ ಚಕ್ರ ನೆಲ ಬಿಟ್ಟು ಎದ್ದರೆ ಸ್ಟೀರಿಂಗ್ ತಿರುಗಿಸಿ ಪ್ರಯೋಜನವಿಲ್ಲ. ಇಳಿಜಾರಿನಲ್ಲಿ ಹಿಂದಿನ ಭಾರವೇ ಟ್ರ್ಯಾಕ್ಟರ್ ಅನ್ನು ತಳ್ಳುತ್ತದೆ. ಎದುರಿಗೆ ಬೈಕಿನಲ್ಲಿ ಬರುವವನ ಖರ್ಚು ಟ್ರ್ಯಾಕ್ಟರ್ ಮಾಲೀಕನ ಯಾವ ಖಾತೆಯಲ್ಲೂ ಇಲ್ಲ.

ಹೊಲದಲ್ಲಾದರೂ ಲಾಭವಿದೆಯೇ? ಎರೆಮಣ್ಣು ಹಸಿಯಾಗಿದ್ದಾಗ ಟ್ರ್ಯಾಕ್ಟರ್ ಸೋಲುವುದು ಇಂಜಿನ್ ಸಾಲದೆ ಅಲ್ಲ, ಟೈರು ಹಿಡಿತ ಬಿಟ್ಟು. ಅಲ್ಲಿ ಶಕ್ತಿ ಹೆಚ್ಚಾದಷ್ಟೂ ಚಕ್ರ ಇದ್ದಲ್ಲೇ ತಿರುಗಿ ಗುಂಡಿ ತೋಡುತ್ತದೆ. ಇದಕ್ಕೆ ಕಂಪನಿಗಳೇ ಹೇಳುವ ಉಪಾಯ ಟೈರಿನಲ್ಲಿ ನೀರು ತುಂಬುವುದು, ಚಕ್ರಕ್ಕೆ ಕಬ್ಬಿಣದ ತೂಕ ಕಟ್ಟುವುದು. ಖರ್ಚು ಕಡಿಮೆ, ಸೀಲ್ ಒಡೆಯಬೇಕಾಗಿಲ್ಲ.

ಕಾಕಾ ಅವರ ಟ್ರ್ಯಾಕ್ಟರ್‌ನ ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬರತೊಡಗಿತ್ತು. ಬೀದರಿನ ಪಂಪ್ ಗ್ಯಾರೇಜುಗಳಲ್ಲಿ ಮಾತು ನಡೆಯುವುದು ನಮ್ಮ ಮನೆಮಾತಿನಲ್ಲೇ ಆದ್ದರಿಂದ ಒಬ್ಬ ಹಿರಿಯ ಉಸ್ತಾದ್ ಬಳಿ ಇದನ್ನು ಕೇಳುವುದು ನನಗೆ ಸುಲಭವಾಯಿತು. "ಧುವಾಂ ನೈ ಬೇಟಾ, ಪೈಸಾ ಉಡ್‌ರಾ" ಎಂದರು. ಹೊಗೆಯಲ್ಲ ಮಗಾ, ದುಡ್ಡು ಹಾರುತ್ತಿದೆ. ಡೀಸೆಲ್ ಹೆಚ್ಚಿಸಬಹುದು, ಅದನ್ನು ಸುಡುವ ಗಾಳಿ ಅಷ್ಟೇ ಇರುತ್ತದೆ. ಸುಡದೆ ಉಳಿದದ್ದು ಕಪ್ಪು ಹೊಗೆಯಾಗುತ್ತದೆ. ಅದರ ಜೊತೆಗೆ ಇಂಜಿನ್ ಮಿತಿಗಿಂತ ಹೆಚ್ಚು ಕಾಯುತ್ತದೆ. ಪಿಸ್ಟನ್, ವಾಲ್ವ್ ಬೇಗ ಹೋಗುತ್ತವೆ.

ಇದು ಸವಕಳಿಯ ಲೆಕ್ಕ. ₹8,00,000ದ ಟ್ರ್ಯಾಕ್ಟರ್, 10 ವರ್ಷದ ಬಾಳಿಕೆ, ಕೊನೆಗೆ ₹2,00,000 ಬರುತ್ತದೆ ಎಂದುಕೊಳ್ಳೋಣ. ಸರಳ ರೇಖಾ ಪದ್ಧತಿಯಲ್ಲಿ ವರ್ಷದ ಸವಕಳಿ ₹60,000. ಬಾಳಿಕೆ 8 ವರ್ಷಕ್ಕೆ ಇಳಿದರೆ ₹75,000. ವರ್ಷಕ್ಕೆ ₹15,000 ಹೆಚ್ಚು, ಆದರೆ ಅದಕ್ಕೆ ಯಾರೂ ಬಿಲ್ ಕೊಡುವುದಿಲ್ಲ. ಹೆಚ್ಚಿನ ಬಾಡಿಗೆ ಕೈಗೆ ಬಂದದ್ದು ಕಾಣುತ್ತದೆ, ಇದು ಕಾಣುವುದಿಲ್ಲ. ಟ್ರ್ಯಾಕ್ಟರ್ ಸಾಲದಲ್ಲಿದ್ದರೆ ಅದು ಬ್ಯಾಂಕಿಗೆ ಅಡವಿಟ್ಟ ಆಸ್ತಿಯೂ ಹೌದು.

ಕಾನೂನು ಇನ್ನೊಂದು ಕಡೆ ಇದೆ. ಮೋಟಾರು ವಾಹನ ಕಾಯ್ದೆಯ ಕಲಂ 52ರ ಬಗ್ಗೆ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿತು: ತಯಾರಕರು ಮೊದಲು ಕೊಟ್ಟ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ ಕಲಂ 182ಎ ಪ್ರಕಾರ ಅನುಮತಿಯಿಲ್ಲದ ಬದಲಾವಣೆ ಮಾಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ ₹5,000 ದಂಡ, ಅಥವಾ ಎರಡೂ. ಅಮೆರಿಕದಲ್ಲೂ ಇದೇ ತಲೆನೋವು. ಹತ್ತು ವರ್ಷಗಳಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಂದ ಹೊಗೆ ನಿಯಂತ್ರಣ ಸಾಧನ ತೆಗೆಸಲಾಗಿದೆ ಎಂದು ಅಲ್ಲಿನ ಪರಿಸರ ಸಂಸ್ಥೆ 2020ರಲ್ಲಿ ಅಂದಾಜು ಮಾಡಿತು.

ವಿಮೆಯ ಪಾಠದಲ್ಲಿ ಪರಮ ವಿಶ್ವಾಸದ ತತ್ವ ಇದೆ. ಮುಖ್ಯ ಸಂಗತಿಯನ್ನು ಮುಚ್ಚಿಟ್ಟವರ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಕಾರಣ ಸಿಗುತ್ತದೆ. ವಾರಂಟಿಯೂ ಹಾಗೆಯೇ. ಇವು ಸಂಭಾವ್ಯ ಹೊಣೆಗಳು; ಅಪಘಾತವಾಗುವವರೆಗೆ ಆಸ್ತಿ-ಹೊಣೆ ಪಟ್ಟಿಯ ಕೆಳಗಿನ ಟಿಪ್ಪಣಿಯಲ್ಲಿ ಸುಮ್ಮನೆ ಕುಳಿತಿರುತ್ತವೆ.

ನನಗೆ ಎಲ್ಲಕ್ಕಿಂತ ಕಷ್ಟವೆನಿಸಿದ್ದು ಮಾರಾಟದ ಪ್ರಶ್ನೆ. ಡಬ್ಬಿ ಮಾರುವವರ ಒಂದು ಜಾಹೀರಾತು ಮಾತು: ಬೇಡವೆನಿಸಿದಾಗ ಬಿಚ್ಚಿಬಿಡಿ, ಗುರುತೇ ಉಳಿಯುವುದಿಲ್ಲ. ಗಾಡಿಯನ್ನು ಮೂರು ವರ್ಷ ಹೀಗೆ ದುಡಿಸಿ, ಡಬ್ಬಿ ಬಿಚ್ಚಿ, ತೊಳೆದು, ಕಂಪನಿಯಿಂದ ಬಂದ ಹಾಗೇ ಇದೆ ಎಂದು ಮಾರಬಹುದೇ? ಪ್ರವಾದಿ ಮುಹಮ್ಮದ್ (ಸ) ಅವರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಿದ್ದ ಪ್ರಸಂಗ ನಮ್ಮಲ್ಲಿ ಹಲವರಿಗೆ ಗೊತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ನೆನೆದ ಧಾನ್ಯ ಮಾರಬೇಡ ಎಂದಲ್ಲ, ಮೇಲೆ ಇಡು ಎಂದು. ಸವೆದ ಇಂಜಿನ್ ಅನ್ನು ಸವೆದದ್ದು ಎಂದು ಹೇಳಿ ಮಾರಿದರೆ ಬೆಲೆ ಕಡಿಮೆ ಬರುತ್ತದೆ, ಅಷ್ಟೇ. ಆ ಕಡಿಮೆಯಾದ ಬೆಲೆ ಚಿಪ್‌ನ ನಿಜವಾದ ಬೆಲೆಯ ಒಂದು ಭಾಗ.

ಭಾಲ್ಕಿಯ ಕಾಕಾ ಈ ಹಂಗಾಮಿಗೆ ಮೊದಲು ಪಂಪನ್ನು ಬಿಚ್ಚಿಸಿ, ಬೀದರಿನಲ್ಲಿ ಟೆಸ್ಟ್ ಬೆಂಚಿನ ಮೇಲೆ ಕಂಪನಿಯ ಅಳತೆಗೆ ತಂದು ಮತ್ತೆ ಸೀಲ್ ಹಾಕಿಸಿದ್ದಾರೆ. ಹೆಚ್ಚಿಸಲು ಕೊಟ್ಟದ್ದಕ್ಕಿಂತ ಇಳಿಸಲು ಕೊಟ್ಟದ್ದು ಜಾಸ್ತಿಯಾಯಿತಂತೆ. ಈ ಎರಡನೆಯ ಖರ್ಚು ಆದಾಯ ವೆಚ್ಚ, ಅದರಲ್ಲಿ ಸಂಶಯವಿಲ್ಲ.