ಮುಖ ತುಂಬಿಕೊಂಡಿದೆ, ಕೈಕಾಲು ಹಾಗೇ ಇದೆ

ಪ್ರಶ್ನೆ: ನನಗೆ 26 ವರ್ಷ. ಹಾಸನ ಜಿಲ್ಲೆಯ ಒಂದು ಸಹಕಾರ ಸಂಘದಲ್ಲಿ ಕೆಲಸ. ಎತ್ತರ 5 ಅಡಿ 3 ಅಂಗುಲ, ತೂಕ ಪಿಯುಸಿಯಿಂದಲೂ 44 ಕೆ.ಜಿ. ಹೊಟ್ಟೆತುಂಬ ತಿನ್ನುತ್ತೇನೆ, ಮುಟ್ಟು ಸರಿಯಾಗಿ ಆಗುತ್ತದೆ. ಆದರೂ ‘ಕಡ್ಡಿ’, ‘ನರಪೇತಲಿ’ ಅನ್ನುವುದು ತಪ್ಪಿಲ್ಲ. ಹೋದ ವರ್ಷ ರಕ್ತದಾನ ಶಿಬಿರದಲ್ಲಿ ತೂಕ ಸಾಲದೆಂದು ವಾಪಸ್ ಕಳಿಸಿದಾಗ ಆಫೀಸಿನವರೆಲ್ಲ ನಕ್ಕರು. ಎರಡು ಕಡೆಯವರು ನೋಡಿ ಹೋಗಿ ‘ಹುಡುಗಿ ತೀರಾ ಸಣ್ಣ’ ಎಂದು ಬೇಡವೆಂದರು. ಅಮ್ಮ ಯಾರಿಂದಲೋ ದಪ್ಪ ಆಗುವ ಪುಡಿ ತರಿಸಿದರು. ಎರಡು ತಿಂಗಳಿಂದ ಹಾಲಿಗೆ ಹಾಕಿ ಕುಡಿಯುತ್ತಿದ್ದೇನೆ. ಮುಖ ತುಂಬಿಕೊಂಡಿದೆ, ಎಲ್ಲರಿಗೂ ಖುಷಿ. ಕೈಕಾಲು ಮಾತ್ರ ಹಾಗೇ ಇದೆ. ಮುಂದಿನ ತಿಂಗಳು ಮತ್ತೊಂದು ಕಡೆಯವರು ಬರುತ್ತಾರೆ. ಸೀರೆಯೊಳಗೆ ಎರಡು ಲಂಗ ಹಾಕಿಕೋ ಅನ್ನುತ್ತಾರೆ ಅಮ್ಮ. ಕನ್ನಡಿ ನೋಡಲು ಬೇಸರ. ದಪ್ಪ ಇರುವ ಗೆಳತಿಗೆ ಹೇಳಿಕೊಂಡರೆ ‘ನಿಂಗೇನೇ ಕಷ್ಟ?’ ಅನ್ನುತ್ತಾಳೆ. ನನ್ನದು ಕಷ್ಟವೇ ಅಲ್ಲವೇ?

ಉತ್ತರ: ಕಷ್ಟವೇ. ಆದರೆ ಅದರ ಮಾತಿಗೆ ಆಮೇಲೆ ಬರುತ್ತೇನೆ, ಮೊದಲು ಆ ಪುಡಿ.

ಮುಖ ಮಾತ್ರ ದುಂಡಗಾಗಿ ಕೈಕಾಲು ಇದ್ದ ಹಾಗೇ ಇರುವುದು ಮೈ ತುಂಬಿಕೊಳ್ಳುವ ಲಕ್ಷಣವಲ್ಲ. ಉಂಡದ್ದರಿಂದ ಏರಿದ ತೂಕ ಕೆನ್ನೆಯನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ‘ಗಿಡಮೂಲಿಕೆ’, ‘ಸೈಡ್ ಎಫೆಕ್ಟ್ ಇಲ್ಲ’ ಎಂದು ಕೈಯಿಂದ ಕೈಗೆ ಮಾರಾಟವಾಗುವ ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಪತ್ತೆಯಾಗಿದೆ. ಅದು ಮುಖ ಊದಿಸುತ್ತದೆ, ಶುಗರ್ ಮತ್ತು ಬಿ.ಪಿ. ಏರಿಸುತ್ತದೆ, ಮೂಳೆ ಸವೆಸುತ್ತದೆ. ನಿಮ್ಮ ಡಬ್ಬಿಯಲ್ಲೂ ಅದೇ ಇದೆ ಎಂದು ಪತ್ರ ಓದಿ ನಾನು ಹೇಳಲಾರೆ. ಆದರೆ ಇದ್ದರೆ, ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿರುವುದರಿಂದ ನಿಮ್ಮ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿ ಕೂತಿರಬಹುದು. ಒಮ್ಮೆಲೇ ಬಿಟ್ಟರೆ ತಲೆಸುತ್ತು, ವಾಂತಿ, ಬಿ.ಪಿ. ಕುಸಿತ ಆಗುವುದುಂಟು. ಆದ್ದರಿಂದ ‘ಇವತ್ತಿಂದ ಬಿಟ್ಟೆ’ ಎಂದು ನೀವೇ ತೀರ್ಮಾನ ಮಾಡಬೇಡಿ, ಡಬ್ಬಿ ಖಾಲಿಯಾಗಲಿ ಎಂದೂ ಕಾಯಬೇಡಿ. ಎರಡು ಮೂರು ದಿನದೊಳಗೆ ಫಿಜಿಷಿಯನ್ ಒಬ್ಬರ ಹತ್ತಿರ ಹೋಗಿ. ಡಬ್ಬಿ ಕೈಚೀಲದಲ್ಲಿರಲಿ. ಎಷ್ಟು ದಿನದಿಂದ, ಎಷ್ಟು ಚಮಚ ಎಂಬುದನ್ನು ಸಂಕೋಚವಿಲ್ಲದೆ ಹೇಳಿ. ಹೇಗೆ ಬಿಡಬೇಕೆಂದು ಅವರು ಹೇಳುತ್ತಾರೆ.

ಹೇಗೂ ಹೋಗಿರುತ್ತೀರಿ, ಅಲ್ಲೇ ಥೈರಾಯ್ಡ್, ಹಿಮೋಗ್ಲೋಬಿನ್, ಶುಗರ್ ಪರೀಕ್ಷೆ ಮಾಡಿಸಿಬಿಡಿ. ನಿಮ್ಮ ಎತ್ತರಕ್ಕೆ 44 ಕೆ.ಜಿ. ಅಂದರೆ ಬಿ.ಎಂ.ಐ. 17ರ ಆಸುಪಾಸು, 18.5ರ ಕೆಳಗಿದ್ದರೆ ‘ಕಡಿಮೆ ತೂಕ’ ಎಂದು ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 18.7ರಷ್ಟು ಜನ ಈ ಗೆರೆಯ ಕೆಳಗೇ ಇದ್ದಾರೆ. ಅವರಲ್ಲಿ ಅನೇಕರು ಉಣ್ಣಲು ಸಾಲದೆ ಸಣ್ಣಗಾದವರು, ಕೆಲವರು ಕಾಯಿಲೆಯಿಂದ, ಇನ್ನು ಕೆಲವರು ಹುಟ್ಟಾ ಸಣ್ಣಗಿರುವವರು. ತೂಕದ ಯಂತ್ರಕ್ಕೆ ಈ ಮೂವರ ವ್ಯತ್ಯಾಸ ಗೊತ್ತಾಗುವುದಿಲ್ಲ. ಹತ್ತು ವರ್ಷದಿಂದ ತೂಕ ಅಲುಗಾಡಿಲ್ಲ, ಮುಟ್ಟು ಸರಿಯಾಗಿದೆ, ಹಸಿವಿದೆ: ಇವೆಲ್ಲ ನೀವು ಮೂರನೆಯ ಗುಂಪಿನವರೆಂದೇ ಹೇಳುತ್ತವೆ. ತೂಕ ಕಾರಣವಿಲ್ಲದೆ ಇಳಿಯತೊಡಗಿದರೆ, ಮೂರು ತಿಂಗಳು ಮುಟ್ಟು ನಿಂತರೆ, ಊಟ ಮಾಡಲು ಹೆದರಿಕೆ ಶುರುವಾದರೆ ಮಾತು ಬೇರೆ, ಆಗ ತಡಮಾಡಬಾರದು.

ಈ ಮೈಕಟ್ಟು ಮನೆತನದಲ್ಲಿ ಹರಿದು ಬರುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸದಾಫ್ ಫಾರೂಕಿ ಮತ್ತು ಸಂಗಡಿಗರು ಆರೋಗ್ಯವಾಗಿಯೇ ಇರುವ ಸುಮಾರು 1,600 ತೆಳ್ಳನೆಯವರ ವಂಶವಾಹಿಗಳನ್ನು ಪರೀಕ್ಷಿಸಿ 2019ರಲ್ಲಿ ವರದಿ ಪ್ರಕಟಿಸಿದರು. ದಪ್ಪಗಾಗುವುದರಲ್ಲಿ ವಂಶದ ಪಾಲು ಎಷ್ಟಿದೆಯೋ ತೆಳ್ಳಗಿರುವುದರಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ ಎಂದು ಅವರು ಕಂಡುಕೊಂಡರು. ಮನೆಯ ಹಳೇ ಮದುವೆ ಆಲ್ಬಂ ತೆಗೆದು ನೋಡಿ. ಮಂಟಪದ ಪಕ್ಕ ನಿಮ್ಮದೇ ಮುಂಗೈಯ ಸೋದರತ್ತೆಯೋ ಚಿಕ್ಕಮ್ಮನೋ ನಿಂತಿರುತ್ತಾರೆ ಎಂದು ನನ್ನ ಊಹೆ.

ರಕ್ತದಾನದ ಸಂಗತಿಯೂ ಇಷ್ಟೇ. ನಮ್ಮಲ್ಲಿ ಅದಕ್ಕೆ ಕನಿಷ್ಠ 45 ಕೆ.ಜಿ. ಇರಬೇಕು. 350 ಮಿಲಿಲೀಟರ್ ರಕ್ತ ತೆಗೆದಾಗ ಕೊಟ್ಟವರು ತಲೆತಿರುಗಿ ಬೀಳಬಾರದೆಂದು ಮಾಡಿದ ನಿಯಮ ಅದು. ನಿಮ್ಮನ್ನು ಕಾಪಾಡಲು ವಾಪಸ್ ಕಳಿಸಿದರು. ಅದರಲ್ಲಿ ನಗುವಂಥದ್ದು ಏನಿತ್ತೋ ನಕ್ಕವರನ್ನೇ ಕೇಳಬೇಕು.

ಈಗ ನಿಮ್ಮ ಗೆಳತಿ ಒಪ್ಪದ ಆ ಕಷ್ಟಕ್ಕೆ ಬರೋಣ. ದಪ್ಪಗಿರುವವರನ್ನು ಎದುರಿಗೇ ‘ಡುಮ್ಮಿ’ ಅನ್ನಲು ಈಚೆಗೆ ಕೆಲವರಾದರೂ ಹಿಂದೆಮುಂದೆ ನೋಡುತ್ತಾರೆ. ಸಣ್ಣಗಿರುವವಳ ಮಣಿಕಟ್ಟು ಹಿಡಿದು, ಹೆಬ್ಬೆರಳಿಗೆ ಕಿರುಬೆರಳು ಕೂಡಿಸಿ, ‘ನೋಡ್ರೇ, ಇನ್ನೂ ಜಾಗ ಇದೆ’ ಎಂದು ಪಂಕ್ತಿಯಲ್ಲಿ ಕೂತವರಿಗೆಲ್ಲ ತೋರಿಸಲು ಯಾರಿಗೂ ಸಂಕೋಚವಿಲ್ಲ. ಕೇಳಿದರೆ ‘ಪ್ರೀತಿಯಿಂದ ಅಂದೆ’ ಅನ್ನುತ್ತಾರೆ. ಪ್ರೀತಿಯಿಂದ ಅಂದ ಮಾತಿಗೆ ಸಿಟ್ಟು ಮಾಡುವ ಹಾಗಿಲ್ಲವಾದ್ದರಿಂದ ಅದು ಒಳಗೇ ಉಳಿದುಬಿಡುತ್ತದೆ. ಗೆಳತಿಯ ಮೇಲೆ ಮುನಿಸು ಬೇಡ. ಅವಳು ಕೇಳಿಸಿಕೊಂಡ ಮಾತುಗಳೇ ಬೇರೆ, ಅವನ್ನೂ ಒಂದು ದಿನ ಕೇಳಿ.

ಹೀಗೆ ಮಣಿಕಟ್ಟು ಹಿಡಿದು ಆಡಿಕೊಳ್ಳುವವರ ಎದುರು ಸಣ್ಣಗಿರುವವರೆಲ್ಲ ಮಾಡುವ ಒಂದು ಕೆಲಸವಿದೆ: ‘ಇಲ್ಲ ಅತ್ತೆ, ಬೆಳಗ್ಗೆ ನಾಲ್ಕು ದೋಸೆ ತಿಂದೆ, ಮಧ್ಯಾಹ್ನ ಮುದ್ದೆ’ ಎಂದು ಲೆಕ್ಕ ಒಪ್ಪಿಸುವುದು. ಅದನ್ನು ನಿಲ್ಲಿಸಿ. ‘ನಾನು ಇರೋದೇ ಹೀಗೆ’ ಎಂದು ನಗುನಗುತ್ತಲೇ ಹೇಳಿ, ಅವರ ಮಗನ ಪರೀಕ್ಷೆಯ ವಿಷಯ ಎತ್ತಿ. ಮೂರು ಸಲ ಇದೇ ಉತ್ತರ ಸಿಕ್ಕರೆ ನಾಲ್ಕನೆಯ ಸಲ ಕೇಳುವ ಉತ್ಸಾಹ ಬಹುಪಾಲು ಜನರಿಗೆ ಇರುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಅಮ್ಮ. ‘ನಿಮ್ಮಮ್ಮ ಹೊಟ್ಟೆಗೆ ಹಾಕಲ್ವಾ?’ ಎಂದು ಜನ ಕೇಳುವುದು ನಿಮ್ಮನ್ನು, ನಾಟುವುದು ಅವರಿಗೆ. 26 ವರ್ಷ ಬೇಯಿಸಿ ಬಡಿಸಿದ ಕೈಯನ್ನೇ ಅನುಮಾನಿಸುವ ಮಾತು ಅದು. ಪುಡಿಯ ಡಬ್ಬಿ ಮನೆಗೆ ಬಂದದ್ದು ಆ ದಾರಿಯಲ್ಲಿ. ಜಗಳಕ್ಕೆ ಹೋಗಬೇಡಿ. ಬೇರೆ ಯಾರೂ ಇಲ್ಲದಾಗ, ‘ಅಮ್ಮ, ನೀನು ಹಾಕಿದ್ದು ಯಾವತ್ತೂ ಕಡಿಮೆ ಆಗಿಲ್ಲ, ಡಾಕ್ಟ್ರ ಹತ್ರ ನೀನೂ ಬಾ’ ಅನ್ನಿ. ‘ನಿಮ್ಮ ಮಗಳು ಆರೋಗ್ಯವಾಗಿದ್ದಾಳೆ’ ಎಂಬ ಮಾತನ್ನು ಅವರೇ ಕಿವಿಯಾರೆ ಕೇಳಲಿ.

ನಿಜವಾಗಿ ನೋಡಿಕೊಳ್ಳಬೇಕಾದದ್ದು ಮೂಳೆ. ತೆಳ್ಳಗಿರುವವರಿಗೆ ಮುಂದೆ ಮೂಳೆ ಟೊಳ್ಳಾಗುವ ಅಪಾಯ ಸ್ವಲ್ಪ ಹೆಚ್ಚು. ನಿಮ್ಮ ಕಡೆ ರಾಗಿಗೇನೂ ಬರವಿಲ್ಲ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಜೊತೆಗೆ ಹಾಲು, ಎಳ್ಳು, ಕಾಳು, ತಿನ್ನುವವರಾದರೆ ಮೊಟ್ಟೆ. ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮ ಮಾಡಿ, ನೀರು ತುಂಬಿದ ಬಾಟಲಿಯಿಂದ ಶುರುಮಾಡಿದರೂ ಆದೀತು. ದಪ್ಪಗಾಗಲಿಕ್ಕಲ್ಲ, ಗಟ್ಟಿಯಾಗಲಿಕ್ಕೆ. ಮೈ ಮುಚ್ಚಲೆಂದು ಕೊಂಡ ದೊಗಳೆ ಚೂಡಿದಾರಗಳಿದ್ದರೆ ಟೈಲರ್ ಹತ್ತಿರ ಹಿಡಿಸಿಕೊಳ್ಳಿ. ಕನ್ನಡಿಯ ಬೇಸರದಲ್ಲಿ ಅರ್ಧ ಪಾಲು ಆ ಬಟ್ಟೆಗಳದ್ದೂ ಇರಬಹುದು.

ಬರುವವರ ವಿಷಯ. ಎರಡು ಲಂಗ ಬೇಡ. ನೆರಿಗೆ ಚೆನ್ನಾಗಿ ಕೂರಲೆಂದು ನಿಮಗೇ ಬೇಕೆನಿಸಿದರೆ ಏನಾದರೂ ಹಾಕಿಕೊಳ್ಳಿ, ಬಚ್ಚಿಡಲಿಕ್ಕಾದರೆ ಬೇಡ; ಮದುವೆಯಾದ ಮೇಲೆ ದಿನಾ ಎರಡು ಲಂಗ ಉಡುವವರು ಯಾರು? ಪೂರ್ತಿ ನಿಂತ ಫೋಟೋವನ್ನೂ ಎತ್ತರ ತೂಕವನ್ನೂ ಮೊದಲೇ ಕಳಿಸಿಬಿಡಿ. ಬೇಡ ಅನ್ನುವವರು ಅವರ ಮನೆಯಲ್ಲೇ ಕೂತು ಅನ್ನಲಿ, ನಿಮ್ಮ ಮನೆಯ ಉಪ್ಪಿಟ್ಟು ಕೇಸರಿಬಾತ್ ಉಳಿಯುತ್ತದೆ. ಬಂದವರು ಹುಡುಗನ ಜೊತೆ ಐದು ನಿಮಿಷ ಮಾತಾಡಲು ಬಿಟ್ಟರೆ, ‘ನಿಮ್ಮ ಕಡೆಯವರು ನನ್ನ ಮೈ ಬಗ್ಗೆ ಆಡಿಕೊಂಡರೆ ನೀವೇನು ಹೇಳ್ತೀರಿ?’ ಎಂದು ಕೇಳಿ. ಉತ್ತರ ಹೇಳುವ ಮೊದಲು ಅವನು ಬಾಗಿಲ ಕಡೆ, ಅವರಮ್ಮ ಕೂತ ದಿಕ್ಕಿಗೆ ನೋಡಿದರೆ ಅದನ್ನೂ ಗಮನಿಸಿ.