ಕಾಲ್ಬೆರಳ ಸಂದಿ ಒರೆಸ್ತೀರಾ?

ಹಾಸ್ಟೆಲ್ ರೂಮಿನಲ್ಲಿ ಯಾರಾದ್ರೂ ಶೂ ಬಿಚ್ಚಿದ ಕೂಡಲೇ ಕಿಟಕಿ ತೆಗೆಯೋದು ನಮಗೆಲ್ಲ ಅಭ್ಯಾಸ. ಬೈಯೋದು ಬೆವರನ್ನ. ನಿಜ ಹೇಳಬೇಕಂದ್ರೆ ಪಾದದ ಬೆವರಿಗೆ ಅಂಥ ವಾಸನೆ ಇರಲ್ಲ. ಎರಡೂ ಪಾದ ಸೇರಿ ಸುಮಾರು 2,50,000 ಬೆವರು ಗ್ರಂಥಿಗಳಿವೆ. ಆ ಬೆವರು ಶೂ ಒಳಗೆ ಆರದೆ ಉಳಿದಾಗ, ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದರಲ್ಲಿರುವ ಅಮೈನೋ ಆಮ್ಲವನ್ನು ಒಡೆದು ಐಸೋವ್ಯಾಲೆರಿಕ್ ಆಮ್ಲ ಮಾಡುತ್ತವೆ. ನಮ್ಮ ಮೂಗು ಮುಚ್ಚಿಸೋದು ಮುಖ್ಯವಾಗಿ ಅದೇ.

ವಾಸನೆ ನಗುವ ವಿಷಯ. ಅದೇ ತೇವದಲ್ಲಿ ಬೆಳೆಯುವ ಫಂಗಸ್ ಹಾಗಲ್ಲ. ಕೊನೆಯ ಎರಡು ಬೆರಳುಗಳ ಸಂದಿಯಲ್ಲಿ ಚರ್ಮ ಬೆಳ್ಳಗೆ ಮೆತ್ತಗಾಗಿ, ಸುಲಿದು, ತುರಿಸಲು ಶುರುವಾದರೆ ಅದರದೇ ಕೆಲಸ ಇರಬಹುದು. ಊರಲ್ಲಿ ಗದ್ದೆಗಿಳಿದವರ ಕೆಸರುಹುಣ್ಣು ನೋಡಿದವರಿಗೆ ಇದು ಹೊಸದಲ್ಲ. ನಮಗೆ ಕೆಸರೂ ಬೇಡ, ಒದ್ದೆ ಸಾಕ್ಸ್ ಸಾಕು.

ನಾವು ಎಡವಿದ್ದು ಇಲ್ಲೇ. ನಮ್ಮಲ್ಲೊಬ್ಬ ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ ಏನಾದ್ರೂ ಕೊಡಿ" ಅಂತ ಒಂದು ಟ್ಯೂಬ್ ತಂದ. ಎರಡೇ ದಿನಕ್ಕೆ ತುರಿಕೆ ಮಾಯ! ರೂಮಿನವರೆಲ್ಲ ಅದನ್ನೇ ಹಚ್ಚಿದೆವು. ತಿಂಗಳೊಳಗೆ ಇಬ್ಬರಿಗೆ ತೊಡೆಸಂದಿಗೂ ಹಬ್ಬಿತ್ತು. ಡಾಕ್ಟರ್ ಟ್ಯೂಬ್ ತಿರುಗಿಸಿ ಒಂದು ಹೆಸರು ತೋರಿಸಿದರು: ಕ್ಲೋಬೆಟಾಸಾಲ್. ಅದು ಸ್ಟೀರಾಯ್ಡ್. ಕೆಂಪು, ತುರಿಕೆ ಎರಡನ್ನೂ ಅಡಗಿಸುತ್ತದೆ. ಜೊತೆಗೆ ಚರ್ಮದ ರಕ್ಷಣೆಯನ್ನೂ ಕುಗ್ಗಿಸುತ್ತದೆ. ಫಂಗಸ್ ಸದ್ದಿಲ್ಲದೆ ಹಬ್ಬುತ್ತದೆ. ಅಲಾರಂ ವೈರ್ ಕತ್ತರಿಸಿ ಬೆಂಕಿ ಆರಿತು ಅಂದುಕೊಂಡ ಹಾಗೆ.

ಈಗ ನಾವು ಪಾಲಿಸ್ತಿರೋದು ಇಷ್ಟು:

1. ಸ್ನಾನ ಆದ್ಮೇಲೆ ಪ್ರತಿ ಬೆರಳ ಸಂದಿ ಒರೆಸೋದು. ಕಾಲಿಗೆ ಬೇರೆ ಟವೆಲ್.
2. ದಿನಾ ಒಗೆದು ಒಣಗಿದ ಸಾಕ್ಸ್. ಶೂ ಒಂದೇ ಜೊತೆ ಇದ್ದರೆ ರಾತ್ರಿ ಇನ್‌ಸೋಲ್ ತೆಗೆದು ಫ್ಯಾನ್ ಕೆಳಗೆ.
3. ಕಾಮನ್ ಬಾತ್‌ರೂಮಿಗೆ ಚಪ್ಪಲಿ ಹಾಕಿಕೊಂಡೇ ಹೋಗೋದು. ಸಾಕ್ಸ್, ಟವೆಲ್ ಸಾಲ ಕೊಡೋದೂ ಇಲ್ಲ, ಕೇಳೋದೂ ಇಲ್ಲ.
4. ಕಾಲಲ್ಲಿ ಫಂಗಸ್ ಇದ್ದರೆ ಮೊದಲು ಸಾಕ್ಸ್, ಆಮೇಲೆ ಒಳಉಡುಪು. ಇಲ್ಲಾಂದ್ರೆ ಪಾದದ್ದು ಬಟ್ಟೆಗಂಟಿ ಮೇಲೆ ಬರುತ್ತೆ.
5. ಡಾಕ್ಟರ್ ಕೊಟ್ಟ ಮುಲಾಮು ಹೇಳಿದಷ್ಟು ದಿನ ಹಚ್ಚೋದು. ತುರಿಕೆ ನಿಂತಿತು ಅಂದ ಮಾತ್ರಕ್ಕೆ ಫಂಗಸ್ ಸತ್ತಿರಲ್ಲ.

ಕೊನೆಗೊಂದು ಮಾತು. ಸಕ್ಕರೆ ಕಾಯಿಲೆ ಇರುವವರಿಗೆ ಪಾದದ ಸ್ಪರ್ಶವೇ ಕಡಿಮೆಯಾಗಿ ಗಾಯ ಆದದ್ದೂ ಗೊತ್ತಾಗದೇ ಇರಬಹುದು. ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ, ಅಮ್ಮ, ಅಜ್ಜಿ ಕಾಲಿಗೆ ನಮಸ್ಕಾರ ಮಾಡ್ತೀವಲ್ಲ, ಆಗ ಅವರ ಪಾದವನ್ನೂ ಒಮ್ಮೆ ಸರಿಯಾಗಿ ನೋಡೋಣ.