ನೇರಳೆ ವೈನ್ ಸಕ್ಕರೆ ಕಾಯಿಲೆಗೆ ಮದ್ದಲ್ಲ

ಕಳೆದ ಮಳೆಗಾಲದ ಒಂದು ಬೆಳಗ್ಗೆ ಐವತ್ತೆಂಟು ವರ್ಷದ ಕೃಷಿಕರೊಬ್ಬರನ್ನು ಮನೆಯವರು ನನ್ನ ಕ್ಲಿನಿಕ್ಕಿಗೆ ಹೊತ್ತು ತಂದರು. ಮೈಯೆಲ್ಲ ತಣ್ಣನೆಯ ಬೆವರು, ತೊದಲು ಮಾತು, ಅರೆ ಎಚ್ಚರ. "ರಾತ್ರಿ ಊಟ ಬೇಡ ಅಂದು ಎರಡು ಲೋಟ ನೇರಳೆ ವೈನ್ ಕುಡಿದಿದ್ರು ಡಾಕ್ಟ್ರೇ. ಅಮಲು ಇಳೀಲಿ ಅಂತ ಮಲಗೋಕೆ ಬಿಟ್ವಿ" ಎಂದರು ಪತ್ನಿ. ಪರೀಕ್ಷಿಸಿದರೆ ರಕ್ತದ ಸಕ್ಕರೆ ಕೇವಲ 38 ಮಿಲಿಗ್ರಾಂ! ಅದು ಅಮಲಾಗಿರಲಿಲ್ಲ. ಗ್ಲೂಕೋಸ್ ಚುಚ್ಚುಮದ್ದು ಕೊಟ್ಟ ಕೆಲವೇ ನಿಮಿಷಗಳಲ್ಲಿ ಅವರು ಕಣ್ಣು ಬಿಟ್ಟರು.

ಅವರು ಕುಡುಕರಲ್ಲ. ನೇರಳೆ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಯಾರೋ ಹೇಳಿದ್ದರು. ತೋಟದಂಚಿನ ಕಾಡು ನೇರಳೆ ಹಣ್ಣು ಆಯ್ದು, ಸಕ್ಕರೆ, ಯೀಸ್ಟ್ ಬೆರೆಸಿ, ಭರಣಿಯಲ್ಲಿಟ್ಟು ಮನೆಯಲ್ಲೇ ವೈನ್ ಮಾಡಿದ್ದರು. "ಹಣ್ಣಿನ ರಸ ತಾನೇ?" ಎಂಬುದು ಅವರ ನಂಬಿಕೆ.

ಭರಣಿಯಲ್ಲಿ ನಡೆಯುವುದೇನು? ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈ ಆಕ್ಸೈಡನ್ನು ಉತ್ಪಾದಿಸುತ್ತದೆ. ಶೇಕಡ 12ರಷ್ಟು ಆಲ್ಕೋಹಾಲ್ ಇರುವ 150 ಮಿ.ಲೀ. ವೈನಿನಲ್ಲಿ ಸುಮಾರು 14 ಗ್ರಾಂ ಆಲ್ಕೋಹಾಲ್ ಇರುತ್ತದೆ. 30 ಮಿ.ಲೀ. ವಿಸ್ಕಿಯಲ್ಲಿರುವುದು ಸುಮಾರು 10 ಗ್ರಾಂ. ಮನೆಯ ವೈನಿನಲ್ಲಿ ಈ ಪ್ರಮಾಣ ಎಷ್ಟೆಂದು ಮಾಡಿದವರಿಗೂ ಗೊತ್ತಿರುವುದಿಲ್ಲ.

ನಾವು ಉಪವಾಸವಿದ್ದಾಗ ರಕ್ತದ ಸಕ್ಕರೆ ಕುಸಿಯದಂತೆ ಕಾಯುವುದು ಯಕೃತ್ತು, ಅಂದರೆ ಲಿವರ್. ಆಲ್ಕೋಹಾಲ್ ಒಳಸೇರಿದರೆ ಹೊಸದಾಗಿ ಗ್ಲೂಕೋಸ್ ತಯಾರಿಸುವ ಅದರ ಕೆಲಸ ಕುಂಠಿತವಾಗುತ್ತದೆ. ಇತ್ತ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದೆ. ಊಟವನ್ನೂ ಬಿಟ್ಟರೆ ಅಪಾಯ ಖಚಿತ.

ಸಕ್ಕರೆ ಕುಸಿದವರೂ ಅಮಲೇರಿದವರಂತೆಯೇ ತೊದಲುತ್ತಾರೆ, ತೂರಾಡುತ್ತಾರೆ, ಸಿಡುಕುತ್ತಾರೆ. ಬಾಯಿಯಲ್ಲಿ ಮದ್ಯದ ವಾಸನೆಯಿದ್ದರಂತೂ ಮನೆಯವರು ಮೋಸಹೋಗುತ್ತಾರೆ. ತಡವಾದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು, ಪ್ರಾಣವೂ ಹೋಗಬಹುದು. ಆದ್ದರಿಂದ ಇವನ್ನು ನೆನಪಿಡಿ:

1. ಸಕ್ಕರೆ ಕಾಯಿಲೆಯವರು ಮದ್ಯ ಕುಡಿದು ಹೀಗಾದರೆ 'ಮಲಗಲಿ' ಎಂದು ಬಿಡಬೇಡಿ. ಗ್ಲೂಕೋಮೀಟರ್ ಇದ್ದರೆ ಪರೀಕ್ಷಿಸಿ. ಇಲ್ಲದಿದ್ದರೆ ಸಕ್ಕರೆ ಕುಸಿದಿದೆ ಎಂದೇ ತಿಳಿಯಿರಿ.

2. ನುಂಗುವಷ್ಟು ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ.

3. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ.

4. ಚೇತರಿಸಿಕೊಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆಯ ಪರಿಣಾಮದಿಂದ ಸಕ್ಕರೆ ಮತ್ತೆ ಕುಸಿಯಬಹುದು.

ಇನ್ನೊಂದು ಮಾತು. ಕಾಡಿನದೆಲ್ಲ ಔಷಧವಲ್ಲ. ಗುರುತಿಲ್ಲದ ಸೊಪ್ಪು, ಬೇರುಗಳನ್ನು ವೈನಿಗೆ ಸೇರಿಸುವ ಪ್ರಯೋಗ ಬೇಡ. ಉಮ್ಮತ್ತಿಯಂಥ ಗಿಡದ ವಿಷ ಹುದುಗಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಗರ್ಭಿಣಿಯರು, ಮಕ್ಕಳು, ಯಕೃತ್ತಿನ ತೊಂದರೆ ಇರುವವರು, ನಿದ್ರೆ ಮಾತ್ರೆ ನುಂಗುವವರು ಮನೆಯ ವೈನನ್ನೂ ಮುಟ್ಟಬಾರದು. ಆಲ್ಕೋಹಾಲಿನ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ.

ನೇರಳೆ ಇಷ್ಟವೇ? ಹಣ್ಣನ್ನೇ ತೊಳೆದು, ಚಿಟಿಕೆ ಉಪ್ಪು ಹಾಕಿ, ಮಿತವಾಗಿ ತಿನ್ನಿ. ಆದರೆ ಅದನ್ನು ನೆಚ್ಚಿ ಮಾತ್ರೆ ನಿಲ್ಲಿಸಬೇಡಿ. ನಮ್ಮ ಕೃಷಿಕರು ಈಗ ಹಾಗೆಯೇ ಮಾಡುತ್ತಿದ್ದಾರೆ. ಭರಣಿಯಲ್ಲಿ ಅವರ ಪತ್ನಿ ಉಪ್ಪಿನಕಾಯಿ ಹಾಕಿದ್ದಾರೆ!